ಡ್ರಾಯಿಂಗ್ ಮೇಷ್ಟ್ರ ಅರೆ ಸಂಬಳ
ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಕೇರಿಗಳಿಂದ ಚಿತ್ರಕಲಾ ಶಾಲೆಗೆ ಹೋಗಿ ಬಂದ ನಮ್ಮ ಹುಡುಗರು ‘ಮುಂದೇನು?’ ಅಂತ ಕೇಳುತ್ತಾರೆ. ಡ್ರಾಯಿಂಗ್ ಮೇಷ್ಟ್ರಾಗುವುದೇ ಅವರ ಮೊದಲ ಆಸೆ. ನಾನು ಅವರಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೋರಿಸುತ್ತೇನೆ: ಆರರಿಂದ ಎಂಟನೇ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಕಲಾ ಬೋಧಕ ಕಡ್ಡಾಯ, ಅದೂ ಅರೆಕಾಲಿಕ. ಹಳ್ಳಿಯ ಸಣ್ಣ ಶಾಲೆ ಈ ಲೆಕ್ಕದಿಂದಲೇ ಹೊರಗೆ.

ಅರೆ ಸಂಬಳದಲ್ಲಿ ಕಾಯಬಲ್ಲವನು ಜಮೀನಿದ್ದವನ ಮಗ. ಕೂಲಿಯವರ ಮಗ ಬೋರ್ಡ್ ಬರೆಯೋಕೆ ಹೋದ, ಅದನ್ನೂ ಫ್ಲೆಕ್ಸ್ ನುಂಗಿತು. ಅತ್ತ ಚನ್ನಪಟ್ಟಣದಲ್ಲಿ ಹಾಲೆಮರದ ಗೊಂಬೆಗೆ ಅರಗಿನ ಬಣ್ಣ ಹತ್ತಿಸುವುದನ್ನು ಕಲೆಯಲ್ಲ, ಕಸುಬು ಅಂತಾರೆ. ಬೆವರಿದ್ದಲ್ಲಿ ಕಲೆ ಕಾಣದ ಈ ಕಣ್ಣು ಜಾತಿಯದೇ.

ನಾವು ಕೇಳಬೇಕಾದ್ದು ಇಷ್ಟು: ನಾಲ್ಕೈದು ಸಣ್ಣ ಶಾಲೆಗಳಿಗೆ ಒಬ್ಬ ಖಾಯಂ ಕಲಾ ಶಿಕ್ಷಕ, ಮೀಸಲಾತಿಯೊಡನೆ, ಗೊಂಬೆ ಮಾಡುವವರಿಗೂ ಪಾಠ ಹೇಳುವ ಸಂಬಳ.