ಮರಿ ತರುವ ಮೊದಲು ಒಂದು ಪಟ್ಟಿ



ಕನ್ನಡದಲ್ಲಿ ಪಟ್ಟಿ ಎಂದರೆ ಯಾದಿ, ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ನಮ್ಮ ಕಾಸರಗೋಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ, ತೆಂಕಣ ಜಿಲ್ಲೆಯಿಂದ ಹೊಸದಾಗಿ ಬಂದಿದ್ದ ಗಿರಾಕಿಯೊಬ್ಬರಲ್ಲಿ ಮರೆತು "ಪಟ್ಟಿ ತಂದಿದ್ದೀರಾ?" ಎಂದು ಕೇಳಿಬಿಟ್ಟೆ. ಅವರು ಗಾಬರಿಯಿಂದ ಬಾಗಿಲ ಕಡೆ ತಿರುಗಿ ನೋಡಿದರು! ಇವತ್ತು ನಾನು ಹೇಳಹೊರಟಿರುವುದರಲ್ಲಿ ಎರಡು ಪಟ್ಟಿಗಳೂ ಇವೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಐವತ್ತು ವರ್ಷ ನಾನು ನಾಯಿಯನ್ನು ಹತ್ತಿರ ಸೇರಿಸಿದವನಲ್ಲ. ನಾನು ಚಿಕ್ಕವನಿದ್ದಾಗ ನೆರೆಮನೆಯ ಹುಡುಗನಿಗೆ ಬೀದಿಯ ಮರಿಯೊಂದು ಆಟದಲ್ಲಿ ಕಚ್ಚಿತು. ಸಣ್ಣ ಗಾಯ, ಸಣ್ಣ ಮರಿ. ಮನೆಯವರು ಸುಣ್ಣ, ಅರಶಿನ ಮೆತ್ತಿ ಸುಮ್ಮನಾದರು. ಎರಡು ತಿಂಗಳ ಮೇಲೆ ಅವನು ನೀರು ಕಂಡರೆ ಹೆದರತೊಡಗಿದ. ಆಮೇಲೆ ಬದುಕಲಿಲ್ಲ. ಪಾಶ್ಚರ್ ಎಂಬ ಫ್ರೆಂಚ್ ವಿಜ್ಞಾನಿ ಹುಚ್ಚುನಾಯಿ ಕಡಿತದ ಲಸಿಕೆಯನ್ನು ಒಬ್ಬ ಬಾಲಕನಿಗೆ ಕೊಟ್ಟದ್ದು 1885ರಲ್ಲಿ. ನಮ್ಮ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಶುರುವಾದದ್ದು 1907ರಲ್ಲಿ. ಔಷಧ ಇತ್ತು, ನಮ್ಮವರಿಗೆ ತಿಳಿವಳಿಕೆ ಇರಲಿಲ್ಲ.

ನಿವೃತ್ತನಾದ ಮೇಲೆ, ಮಕ್ಕಳು ದೂರದ ಊರು ಸೇರಿದ ಮೇಲೆ, ನನ್ನ ಮನೆಯವಳು "ಅಂಗಳದಲ್ಲಿ ಒಂದು ಜೀವ ಓಡಾಡಲಿ" ಎಂದಳು. ಪಕ್ಕದ ಊರಿನಲ್ಲಿ ಒಬ್ಬರು ನಿವೃತ್ತ ಟೀಚರ್ ಇದ್ದಾರೆ. ರಸ್ತೆ ಬದಿಯಲ್ಲಿ, ಗೋಣಿಯಲ್ಲಿ ಕಟ್ಟಿ ಯಾರೋ ಬಿಟ್ಟುಹೋದ ಮರಿಗಳನ್ನು ತಂದು, ಸಾಕುವವರು ಸಿಗುವ ತನಕ ತಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಇಂಥ ಮನೆ ಆಸ್ಪತ್ರೆಯೂ ಅಲ್ಲ, ದೊಡ್ಡ ಆಶ್ರಮವೂ ಅಲ್ಲ. ಮರಿಗೆ ಒಂದು ತಂಗುದಾಣ. ಮನೆಯ ಸದ್ದು, ಮನುಷ್ಯರ ಕೈ, ಪೊರಕೆ, ಮಿಕ್ಸಿ, ಬೆಕ್ಕು ಎಲ್ಲವೂ ಅಲ್ಲೇ ಅಭ್ಯಾಸವಾಗುತ್ತದೆ. ಮರಿಯ ಗುಣವೂ ಸಾಕಿದವರಿಗೆ ಗೊತ್ತಿರುತ್ತದೆ. ಇದು ಪುಕ್ಕಲು, ಇದು ಜಗಳಗಂಟಿ, ಇದು ಮಕ್ಕಳೊಡನೆ ಚೆನ್ನ ಎಂದು ಅವರು ಹೇಳಬಲ್ಲರು.

ನಾವು ಹೋದೆವು. ಮರಿಯನ್ನು ಎತ್ತಿಕೊಂಡು ಬರುವುದೆಂದು ನಾನು ಎಣಿಸಿದ್ದೆ. ಟೀಚರಮ್ಮ ಕುಳ್ಳಿರಿಸಿ ಚಹಾ ಕೊಟ್ಟು ಪ್ರಶ್ನೆಗಳನ್ನು ಶುರುಮಾಡಿದರು. ಹಗಲು ಮರಿ ಎಲ್ಲಿರುತ್ತದೆ? "ತೋಟದ ಮೂಲೆಯಲ್ಲಿ ಕಟ್ಟಿಹಾಕುತ್ತೇನೆ, ಅಡಕೆ ಕಾಯಲು" ಎಂದೆ. ಮಳೆಗಾಲದಲ್ಲಿ? ನಾನು ಉತ್ತರಿಸಲಿಲ್ಲ. ಹಿಂದೆ ಸಾಕಿದ ನಾಯಿ ಹೇಗೆ ಸತ್ತಿತು? ನಿಮ್ಮ ಪ್ರಾಯ ಎಷ್ಟು? "ಅರವತ್ತಾರು." "ನಾಯಿ ಹನ್ನೆರಡು ಹದಿಮೂರು ವರ್ಷ ಬದುಕೀತು ಮಾಸ್ಟ್ರೇ. ಅದಕ್ಕೆ ಮುಪ್ಪು ಬರುವಾಗ ನಿಮಗೆ ಎಷ್ಟಾಗುತ್ತದೆ? ಆಮೇಲೆ ಯಾರು?" ನಾನು ಮಾಸ್ಟ್ರಲ್ಲ, ಬ್ಯಾಂಕಿನವ ಎಂದೂ ಹೇಳಲಾಗಲಿಲ್ಲ. ಅವರು ಮರಿ ಕೊಡಲಿಲ್ಲ.

ದಾರಿಯುದ್ದಕ್ಕೂ ನನಗೆ ಸಿಟ್ಟು. ಬೀದಿಯ ಮರಿಗೆ ಇಷ್ಟು ವಿಚಾರಣೆಯೇ! ರಾತ್ರಿ ಯೋಚಿಸಿದಾಗ ಅನಿಸಿತು: ಹತ್ತು ಸಾವಿರ ಸಾಲಕ್ಕೆ ನಾವು ಜಾಮೀನು ಕೇಳುತ್ತಿದ್ದೆವು. ಅವರು ಒಂದು ಜೀವಕ್ಕೆ ಜಾಮೀನು ಕೇಳಿದ್ದಾರೆ, ಅಷ್ಟೆ. ಮರುವಾರ ನನ್ನ ತಂಗಿಯ ಮಗನನ್ನು ಕರೆದುಕೊಂಡು ಹೋದೆ. "ಮಾವನಿಗೆ ಆಗದಿದ್ದರೆ ನಾನು ನೋಡಿಕೊಳ್ಳುತ್ತೇನೆ" ಎಂದು ಅವನು ಹೇಳಿದ. ಜಗಲಿಯಲ್ಲಿ ಜಾಗ, ಸರಪಳಿ ಇಲ್ಲ ಎಂದು ನಾನು ಒಪ್ಪಿದೆ. ಕಂದು ಬಣ್ಣದ ಹೆಣ್ಣುಮರಿಯೊಂದು ನಮ್ಮ ಪಾಲಿಗೆ ಬಂತು.

ಈಗ ತಿಳಿದುಕೊಳ್ಳಬೇಕಾದ ಸಂಗತಿಗಳನ್ನು ಕ್ರಮವಾಗಿ ಹೇಳುತ್ತೇನೆ.

ಒಂದು: ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ, ಒಡಹುಟ್ಟುಗಳಿಂದ ಅಗಲಿಸಬಾರದು. ಎಷ್ಟು ಬಲವಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಅದು ಒಡಹುಟ್ಟುಗಳ ಜೊತೆ ಆಡಿಯೇ ಕಲಿಯುತ್ತದೆ.

ಎರಡು: ಹುಳದ ಮದ್ದು ಮತ್ತು ಲಸಿಕೆಯ ಚೀಟಿ ಕೇಳಿ ಪಡೆಯಿರಿ. ಪಾರ್ವೋ ಎಂಬ ರೋಗ ಮರಿಗಳಿಗೆ ಯಮ. ವಾಂತಿ, ರಕ್ತಭೇದಿಯಾಗಿ ಎರಡು ಮೂರು ದಿನದಲ್ಲೇ ಸಾಯಬಹುದು. ಇದರ ಲಸಿಕೆ ಆರರಿಂದ ಎಂಟನೇ ವಾರದಲ್ಲಿ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರನೇ ವಾರದವರೆಗೆ ನಡೆಯಬೇಕು. ಆ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಿಂದಿನ ನಾಯಿ ಹೇಗೆ ಸತ್ತಿತೆಂದು ಟೀಚರಮ್ಮ ಕೇಳಿದ್ದು ಇದಕ್ಕೇ. ಹುಚ್ಚಿನ ಲಸಿಕೆ ಮೂರು ತಿಂಗಳಿಗೆ. ಆಮೇಲೆ ವೈದ್ಯರು ಹೇಳಿದ ದಿನಕ್ಕೆ ಮತ್ತೊಮ್ಮೆ, ಅನಂತರ ವರ್ಷಕ್ಕೊಮ್ಮೆ.

ಮೂರು: ಮೊದಲ ಕೆಲವು ರಾತ್ರಿ ಮರಿ ಅಳುತ್ತದೆ. ಹೊಡೆಯಬೇಡಿ, ಹೊರಗೆ ಹಾಕಬೇಡಿ. ಅದು ಮಲಗುತ್ತಿದ್ದ ಹಳೇ ಬಟ್ಟೆಯ ತುಂಡೊಂದನ್ನು ಕೇಳಿ ತನ್ನಿ. ಒಡಹುಟ್ಟುಗಳ ವಾಸನೆ ಅದಕ್ಕೆ ಸಮಾಧಾನ.

ನಾಲ್ಕು: ಊಟ ದಿನಕ್ಕೆ ಮೂರು ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಮೊದಲ ವಾರ ಅವರು ಕೊಡುತ್ತಿದ್ದುದನ್ನೇ ಕೊಡಿ. ಹಸುವಿನ ಹಾಲು ಹಲವು ಮರಿಗಳಿಗೆ ಹೊಟ್ಟೆ ಕೆಡಿಸುತ್ತದೆ. ಬೇಯಿಸಿದ ಕೋಳಿ ಮೂಳೆ, ನೀರುಳ್ಳಿ, ದ್ರಾಕ್ಷಿ, ಚಾಕಲೇಟು ಕೂಡದು.

ಐದು: ಕೇರಳದ ಗ್ರಾಮಗಳಲ್ಲಿ ನಾಯಿ ಸಾಕಲು ಪಂಚಾಯತಿನ ಪರವಾನಗಿ ಬೇಕು. 1998ರ ನಿಯಮವಿದೆ. ಹುಚ್ಚಿನ ಲಸಿಕೆಯ ಚೀಟಿ ಇದಕ್ಕೆ ಬೇಕಾಗುತ್ತದೆ, ಜೋಪಾನ ಮಾಡಿ.

ಆರು: ಹೆಣ್ಣುಮರಿ ಬೇಡವೆನ್ನಬೇಡಿ. ಗೋಣಿಯಲ್ಲಿ ಸಿಗುವವು ಹೆಚ್ಚಾಗಿ ಅವೇ ಎಂದು ಟೀಚರಮ್ಮ ಹೇಳಿದರು. ಆರು ತಿಂಗಳ ಹೊತ್ತಿಗೆ ಪಶುವೈದ್ಯರಲ್ಲಿ ಕೇಳಿ ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಮತ್ತೊಂದು ಗೋಣಿ ರಸ್ತೆಗೆ ಬೀಳುವುದಿಲ್ಲ.

ಕೊನೆಯದಾಗಿ, ಆ ಹುಡುಗನಿಗೋಸ್ಕರ ಹೇಳುತ್ತೇನೆ. ಮರಿಯೇ ಕಚ್ಚಲಿ, ಸಾಕಿದ್ದೇ ಕಚ್ಚಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಅರಶಿನ, ಮೆಣಸು ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ. ಹಿಂದಿನ ಕಾಲದ ಹೊಟ್ಟೆಯ ಹದಿನಾಲ್ಕು ಚುಚ್ಚುಮದ್ದು ಈಗಿಲ್ಲ. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಕಚ್ಚಿದ ದಿನ, ಮತ್ತೆ 3, 7 ಮತ್ತು 28ನೇ ದಿನ. ಒಂದನ್ನೂ ತಪ್ಪಿಸಬಾರದು. ರಕ್ತ ಬಂದ ಗಾಯವಾದರೆ ಅದಕ್ಕೆ ಬೇರೆ ಮದ್ದನ್ನೂ ಚುಚ್ಚಬೇಕಾಗುತ್ತದೆ. ರೋಗ ಕಾಣಿಸಿಕೊಂಡ ಮೇಲೆ ಬದುಕುವ ಆಸೆ ಇಲ್ಲ. ಅದಕ್ಕೆ ಮೊದಲು ಮದ್ದು ಕೊಟ್ಟರೆ ಹೆದರಬೇಕಾಗಿಲ್ಲ.

ನಮ್ಮ ಮರಿ ಈಗ ಜಗಲಿಯಲ್ಲಿ ನನ್ನ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗಿದೆ. ಒಂದು ಚಪ್ಪಲಿ ಎಂದು ಹೇಳಬೇಕು, ಇನ್ನೊಂದನ್ನು ಅದು ನಿನ್ನೆಯೇ ಮುಗಿಸಿತು.