ದೂರದ ಬೆಟ್ಟವೂ ಸಂಜೆಗಾಲದ ಮನೆಯೂ

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಯನ್ನು ಕೇಳದೆ ಬೆಳೆದವರು ಕನ್ನಡ ನಾಡಿನಲ್ಲಿ ವಿರಳ. ಆದರೂ ನಿವೃತ್ತಿಯ ದಿನ ಹತ್ತಿರವಾದಂತೆ ಈ ಗಾದೆ ಮರೆತುಹೋಗುತ್ತದೆ. ಮೂವತ್ತು ವರ್ಷ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ದುಡಿದವರಿಗೆ ಹೊಗೆ, ಗದ್ದಲ, ಮನೆ ಬಾಡಿಗೆ ಎಲ್ಲವೂ ಸಾಕಾಗಿರುತ್ತದೆ. ಭವಿಷ್ಯನಿಧಿ, ಗ್ರಾಚ್ಯುಟಿ ಎಂದು ಒಂದಿಷ್ಟು ಹಣ ಒಮ್ಮೆಲೇ ಕೈಗೆ ಬರುತ್ತದೆ. ‘ಇನ್ನು ಮಲೆನಾಡಿನ ಅಂಚಿನಲ್ಲಿ ಒಂದು ಹಂಚಿನ ಮನೆ, ಹಿತ್ತಲಲ್ಲಿ ನಾಲ್ಕು ಅಡಿಕೆ ಮರ, ಒಂದು ಬಾವಿ’ ಎಂದು ಮನಸ್ಸು ಲೆಕ್ಕ ಹಾಕತೊಡಗುತ್ತದೆ. ಈ ಲೆಕ್ಕದಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ಎರಡನೆಯ ಸಲ ಗ್ರಾಚ್ಯುಟಿ ಬರುವುದಿಲ್ಲ.

ಇಂಥವರ ಕಣ್ಣು ಬೀಳಬಹುದಾದ ಸೀಮೆಗಳಲ್ಲಿ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳೂ ಸೇರಿವೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡ ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಬಯಲುಸೀಮೆಯು ನಿಧಾನವಾಗಿ ಮಲೆನಾಡಿಗೆ ದಾರಿ ಬಿಡುತ್ತದೆ. ಸವಣೂರಿನ ಕಪ್ಪು ಎರೆ ಹೊಲಗಳಿಂದ ಪಶ್ಚಿಮಕ್ಕೆ ಹೊರಟರೆ ಹಾನಗಲ್ ಮುಟ್ಟುವಷ್ಟರಲ್ಲಿ ಭತ್ತದ ಗದ್ದೆ, ಮಾವಿನ ತೋಪು, ಅಡಿಕೆ ತೋಟಗಳು ಕಾಣಿಸಿಕೊಳ್ಳುತ್ತವೆ. ಅಲ್ಲಿಂದ ಮುಂದೆ ಶಿರಸಿಯ ಕಾಡು. ಹಿರೇಕೆರೂರಿನಿಂದ ದಕ್ಷಿಣಕ್ಕೆ ಹೋದರೆ ಶಿಕಾರಿಪುರದ ಸೀಮೆ. ಬೆಟ್ಟದ ಗಾಳಿ ಬೇಕು, ಗಿರಿಧಾಮದ ದರ ಬೇಡ ಎನ್ನುವವರಿಗೆ ಈ ಅರೆಮಲೆನಾಡು ಹಿಡಿಸುವುದು ಸಹಜ. ಆದರೆ ಮುಪ್ಪಿನ ಕಾಲಕ್ಕೆ ಅಗ್ಗದ ಮನೆ ಎಂದರೆ ಯಾವುದು? ಕಡಿಮೆ ಬೆಲೆಗೆ ಸಿಕ್ಕಿದ್ದೆಲ್ಲ ಅಗ್ಗವೇ?

ವಾನಪ್ರಸ್ಥದ ಹಳೆಯ ಪಾಠ

ಮುಪ್ಪಿನಲ್ಲಿ ಕಾಡಿಗೆ ಹೋಗಬೇಕೆಂಬ ಆಸೆ ಹೊಸದೇನಲ್ಲ. ಚರ್ಮ ಸುಕ್ಕುಗಟ್ಟಿ, ತಲೆ ನರೆತು, ಮಗನಿಗೆ ಮಗ ಹುಟ್ಟಿದ್ದನ್ನು ಕಂಡ ಗೃಹಸ್ಥನು ಕಾಡನ್ನು ಆಶ್ರಯಿಸಬೇಕೆಂದು ಮನುಸ್ಮೃತಿ ಹೇಳುತ್ತದೆ. ಹೆಂಡತಿಯನ್ನು ಮಕ್ಕಳಿಗೆ ಒಪ್ಪಿಸಿಯಾದರೂ ಹೋಗಬಹುದು, ಜೊತೆಗೆ ಕರೆದುಕೊಂಡಾದರೂ ಹೋಗಬಹುದು. ಶಾಸ್ತ್ರದ ಮಾತು ಹೀಗಿದ್ದರೂ ಈ ಭಾಗದ ಶಾಸನಗಳು ತೋರಿಸುವ ಚಿತ್ರ ಬೇರೆ. ಇಲ್ಲಿ ಅಸಹಾಯಕರಿಗೆ ಆಸರೆಯಾದದ್ದು ಕಾಡಲ್ಲ. ಊರು, ಕೆರೆ, ಮಠ.

ಹಿರೇಕೆರೂರಿನ ನೆರೆಯಲ್ಲೇ ಇರುವ ಬಳ್ಳಿಗಾವಿಯನ್ನು ನೋಡಿ. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠದ ಬಗ್ಗೆ 1162ರ ಶಾಸನವೊಂದು ವಿವರವಾಗಿ ಹೇಳುತ್ತದೆ. ಆ ಮಠ ವೇದ, ವ್ಯಾಕರಣಗಳನ್ನು ಕಲಿಸುವ ಸ್ಥಳವಾಗಿತ್ತು. ಅಷ್ಟೇ ಅಲ್ಲ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನವಿಕ್ಕುವ ಮತ್ತು ರೋಗಿಗಳಿಗೆ ಔಷಧೋಪಚಾರ ಮಾಡುವ ಸ್ಥಳವೂ ಆಗಿತ್ತು. ಎಂಟೂವರೆ ಶತಮಾನಗಳ ಹಿಂದೆ ಈ ನಾಡಿನವರಿಗೆ ಗೊತ್ತಿದ್ದ ಸಂಗತಿ ಇಷ್ಟು: ಕೈಲಾಗದ ಕಾಲದಲ್ಲಿ ಮನುಷ್ಯನಿಗೆ ಬೇಕಾದದ್ದು ಅನ್ನ, ಔಷಧ ಮತ್ತು ಮಾತನಾಡಲು ನಾಲ್ಕು ಜನ.

ಹಾನಗಲ್ಲಿನ ಐತಿಹ್ಯವೂ ಇದನ್ನೇ ಸೂಚಿಸುತ್ತದೆ. ಕದಂಬರ ಒಂದು ಶಾಖೆ ಆಳಿದ ಈ ಊರು ಶಾಸನಗಳಲ್ಲಿ ಪಾನುಂಗಲ್ಲು. ಸ್ಥಳೀಯರ ನಂಬಿಕೆಯಲ್ಲಿ ಮಾತ್ರ ಇದು ಮಹಾಭಾರತದ ವಿರಾಟನಗರ. ಹನ್ನೆರಡು ವರ್ಷ ಕಾಡಿನಲ್ಲಿ ಕಳೆದ ಪಾಂಡವರು ಅತ್ಯಂತ ಕಷ್ಟದ ಹದಿಮೂರನೆಯ ವರ್ಷಕ್ಕೆ ಆರಿಸಿಕೊಂಡದ್ದು ಇನ್ನೊಂದು ಕಾಡನ್ನಲ್ಲ, ಜನ ತುಂಬಿದ ಊರನ್ನು!

ಗಿರಿಧಾಮ ಯಾರಿಗಾಗಿ?

ಬೆಟ್ಟದ ಮೇಲೆ ಮನೆ ಕಟ್ಟಿಕೊಂಡು ಹಾಯಾಗಿರಬೇಕೆಂಬ ಇಂದಿನ ಕಲ್ಪನೆಗೆ ರೂಪ ಕೊಟ್ಟವರು ಬ್ರಿಟಿಷರು. 1820ರ ದಶಕದಲ್ಲಿ ಜಾನ್ ಸಲಿವನ್ ಉದಕಮಂಡಲವನ್ನೂ, ಮುಂಬಯಿ ಗವರ್ನರ್ ಜಾನ್ ಮಾಲ್ಕಂ ಮಹಾಬಳೇಶ್ವರವನ್ನೂ ಬೆಳೆಸತೊಡಗಿದರು. ಬಯಲಿನ ಸೆಕೆಗೆ, ಜ್ವರಕ್ಕೆ ಬಳಲಿದ ಸೈನಿಕರು ಮತ್ತು ಅಧಿಕಾರಿಗಳು ಅಲ್ಲಿ ಚೇತರಿಸಿಕೊಳ್ಳಲೆಂಬುದು ಮೊದಲ ಉದ್ದೇಶ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆಗ ಧಾರವಾಡ ಸೀಮೆಯನ್ನೂ ಆಳುತ್ತಿದ್ದ ಮುಂಬಯಿ ಸರ್ಕಾರ ಬೇಸಿಗೆಯನ್ನು ಮಹಾಬಳೇಶ್ವರದಲ್ಲಿ ಕಳೆಯುತ್ತಿತ್ತು. ಮಳೆಗಾಲ ಬಂದಿತೆಂದರೆ ಗಂಟುಮೂಟೆ ಕಟ್ಟಿಕೊಂಡು ಪುಣೆಗೆ ಇಳಿಯುತ್ತಿತ್ತು. ಅಡುಗೆಯವರು, ಆಳುಕಾಳು, ವೈದ್ಯರೆಲ್ಲ ಇದ್ದ ಗವರ್ನರನೇ ಘಟ್ಟದ ಮಳೆಯಲ್ಲಿ ಅಲ್ಲಿ ನಿಲ್ಲುತ್ತಿರಲಿಲ್ಲ. ಪಿಂಚಣಿ ನಂಬಿದ ದಂಪತಿಗಳು ವರ್ಷದ ಹನ್ನೆರಡು ತಿಂಗಳೂ ಅಂಥಲ್ಲಿ ಇರಲು ಹೊರಡುವುದು ಎಷ್ಟು ಸರಿ?

ನಮ್ಮ ನಿವೃತ್ತರು ನಿಜವಾಗಿ ನೆಲೆಸಿದ ಊರುಗಳು ಬೇರೆ. ‘ಪಿಂಚಣಿದಾರರ ಸ್ವರ್ಗ’ ಎಂಬ ಬಿರುದು ಬೆಂಗಳೂರಿಗೆ ಇತ್ತು, ಧಾರವಾಡಕ್ಕೂ ಬಂತು. ಎರಡರ ಹವೆಯೂ ಹಿತವಾದದ್ದು ನಿಜ. ಅದರ ಜೊತೆಗೆ ಆಸ್ಪತ್ರೆ, ಅಂಚೆ ಕಚೇರಿ, ವಾಚನಾಲಯ, ಸಂಗೀತ ಕಛೇರಿ, ಸಂಜೆ ಕೂತು ಹರಟಲು ಕಟ್ಟೆ ಇವೆಲ್ಲ ನಡಿಗೆಯ ದೂರದಲ್ಲಿದ್ದವು. ಸ್ವರ್ಗವನ್ನು ಸ್ವರ್ಗವಾಗಿಸಿದ್ದು ಈ ನಡಿಗೆಯ ದೂರವೇ. ಬೆಂಗಳೂರು ಬೆಳೆದು ಆ ದೂರ ಕೈತಪ್ಪಿದ ಮೇಲೆ ಆ ಬಿರುದೂ ಹಳೆಯ ಮಾತಾಯಿತು.

ಒಂದು ಸಣ್ಣ ಲೆಕ್ಕ

ಹಾನಗಲ್ ಪೇಟೆಯೊಳಗಿನ ಒಂದು ಹಳೆಯ ಮನೆ, ಅಲ್ಲಿಂದ ಹದಿನೈದು ಮೈಲಿ ಆಚೆ ಕಾಡಿನ ಅಂಚಿನ ಇನ್ನೊಂದು ಮನೆ. ಎರಡನೆಯದು ಐದು ಲಕ್ಷ ರೂಪಾಯಿ ಅಗ್ಗ ಎಂದು ಇಟ್ಟುಕೊಳ್ಳೋಣ. ಉಳಿದ ಐದು ಲಕ್ಷವನ್ನು ಬ್ಯಾಂಕಿನಲ್ಲಿಟ್ಟರೆ, ಶೇಕಡಾ 7ರಂತೆ ಹಿಡಿದರೂ, ವರ್ಷಕ್ಕೆ 35,000 ರೂಪಾಯಿ ಬಡ್ಡಿ. ಇತ್ತ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿ ನೋವು ಎಂದು ವಾರಕ್ಕೊಮ್ಮೆಯಾದರೂ ಪೇಟೆಗೆ ಬರಬೇಕಾದರೆ, ಒಂದು ಸಲದ ಬಾಡಿಗೆ ಕಾರಿಗೆ 800 ರೂಪಾಯಿಯಂತೆ ತಿಂಗಳಿಗೆ ನಾಲ್ಕು ಸಲಕ್ಕೆ 3,200, ವರ್ಷಕ್ಕೆ 38,400. ಉಳಿಸಿದ ಹಣದ ಬಡ್ಡಿ ಕಾರಿನ ಬಾಡಿಗೆಗೇ ಸಾಲದು. ಅಂಕಿಗಳನ್ನು ಊರಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು. ಲೆಕ್ಕದ ದಾರಿ ಮಾತ್ರ ಇದೇ: ಮನೆಯ ಬೆಲೆಗೆ ದೂರದ ಬೆಲೆಯನ್ನೂ ಕೂಡಿಸಬೇಕು.

ಬಸ್ಸು ಇದೆಯಲ್ಲ ಎನ್ನಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವೂ ಆಗಿದೆ. ಆದರೆ ರಾತ್ರಿ ಎದೆನೋವು ಬಂದಾಗ ಬೆಳಗಿನ ಬಸ್ಸು ಉಪಯೋಗಕ್ಕೆ ಬಾರದು. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಹೆಚ್ಚಿನ ಚಿಕಿತ್ಸೆಗೆ ಹಾವೇರಿ ಅಥವಾ ಹುಬ್ಬಳ್ಳಿಗೇ ಹೋಗಬೇಕು. ಈ ದೃಷ್ಟಿಯಿಂದ ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಶಿಗ್ಗಾವಿಗೆ ಅನುಕೂಲ ಹೆಚ್ಚು.

ನೆಲದ ಗುಣ, ಮಳೆಯ ಗುಣ

ನಾಲ್ಕು ತಾಲ್ಲೂಕುಗಳ ನೆಲ ಒಂದೇ ತೆರನಾಗಿಲ್ಲ. ಸವಣೂರು ಕಡೆಯ ಎರೆ ಮಣ್ಣು ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಪಾಯ ಗಟ್ಟಿಯಿಲ್ಲದಿದ್ದರೆ ಗೋಡೆಯೂ ಅದರೊಂದಿಗೆ ಬಿರಿಯುತ್ತದೆ. ಎರೆಯನ್ನು ಆಳದವರೆಗೆ ತೆಗೆದು ಗರಸು ತುಂಬಿಸಿ ಪಾಯ ಹಾಕುವ ಖರ್ಚನ್ನು ನಿವೇಶನದ ಬೆಲೆಯೊಂದಿಗೇ ನೋಡಬೇಕು. ಹಳೆಯ ಮನೆ ಕೊಳ್ಳುವವರು ಬೇಸಿಗೆಯ ಕೊನೆಯಲ್ಲಿ ಹೋಗಿ ಗೋಡೆಯ ಬಿರುಕು ನೋಡುವುದು ಜಾಣತನ.

ಹಾನಗಲ್ ಕಡೆ ತೊಂದರೆ ಬೇರೆ. ಅಲ್ಲಿ ಮಳೆ ಹೆಚ್ಚು. ಮಣ್ಣಿನ ಗೋಡೆಗೆ ತೇವ ಏರುತ್ತದೆ. ಮಾಡಿನ ಮೇಲಿನ ಹಂಚುಗಳನ್ನು ಕಾಲಕಾಲಕ್ಕೆ ಕೈಯಾಡಿಸದಿದ್ದರೆ ಸೋರುತ್ತದೆ. ಎಪ್ಪತ್ತು ದಾಟಿದವರು ಏಣಿ ಹತ್ತಲಾರರು, ಹತ್ತುವ ಆಳು ಊರಿನಲ್ಲಿ ಸಿಗುತ್ತಾನೆಯೇ ಎಂದು ಮೊದಲೇ ವಿಚಾರಿಸಬೇಕು. ವರದಾ, ಧರ್ಮಾ ನದಿಗಳ ದಂಡೆ ಚೈತ್ರದಲ್ಲಿ ಎಷ್ಟು ರಮ್ಯವೋ ಶ್ರಾವಣದಲ್ಲಿ ಅಷ್ಟೇ ಅಪಾಯದ್ದಾಗಬಹುದು. 2019ರ ಆಗಸ್ಟ್‌ನ ನೆರೆಯಲ್ಲಿ ಈ ಜಿಲ್ಲೆಯಲ್ಲಿ ಎಷ್ಟೋ ಮನೆಗಳು ಬಿದ್ದುದನ್ನು ಜನ ಮರೆತಿಲ್ಲ. ಆ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿದರೆ ಊರಿನ ಯಾರಾದರೂ ಕೈ ಮಾಡಿ ತೋರಿಸುತ್ತಾರೆ.

ಕಾಡಿನಂಚಿಗೆ ಇನ್ನೊಂದು ಎಚ್ಚರಿಕೆ ಬೇಕು. ಹಾನಗಲ್ಲಿಗೆ ತಾಗಿಕೊಂಡಿರುವ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಲಾಯಿತು. ಉಣ್ಣೆಗಳ ಕಡಿತದಿಂದ ಹರಡುವ ಈ ಜ್ವರ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಅಂದರೆ ಪೇಟೆಯವರು ಮನೆ ನೋಡಲು ಬರುವ ಒಣ ಕಾಲದಲ್ಲೇ, ತಲೆದೋರುತ್ತದೆ. ಸುತ್ತಿನಲ್ಲಿ ಮಂಗಗಳು ಸತ್ತು ಬಿದ್ದ ಸುದ್ದಿಯಿದ್ದರೆ ಆ ಕಾಡಿಗೆ ಕಾಲಿಡದೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು ಅಲ್ಲಿನ ನಿವಾಸಿಗಳಿಗೆ ರೂಢಿ. ಹೊಸಬರೂ ಅದನ್ನು ಕಲಿಯಬೇಕು.

ಉತಾರ ನೋಡದೆ ಉದಾರವಾಗಬೇಡಿ

ಹಿಂದೆ 1961ರ ಭೂಸುಧಾರಣಾ ಕಾಯ್ದೆಯ ಪ್ರಕಾರ ಬೇಸಾಯಗಾರನಲ್ಲದವನು ಹೊಲ ಕೊಳ್ಳುವಂತಿರಲಿಲ್ಲ. 2020ರ ತಿದ್ದುಪಡಿಯಲ್ಲಿ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ಆ ಅಡ್ಡಿ ಹೋಯಿತು. ಆದರೆ ಹೊಲ ಕೊಳ್ಳಬಹುದು ಎಂದಾಕ್ಷಣ ಅಲ್ಲಿ ವಾಸದ ಮನೆ ಕಟ್ಟಬಹುದು ಎಂದಾಗುವುದಿಲ್ಲ. ಬೇಸಾಯಕ್ಕೆ ಬೇಕಾದ ತೋಟದ ಮನೆಯ ಮಾತು ಬೇರೆ; ಉಳಿದಂತೆ 1964ರ ಭೂಕಂದಾಯ ಕಾಯ್ದೆಯಂತೆ ಜಮೀನು ಬಿನ್‌ಶೇತ್ಕಿ ಆಗಿರಬೇಕು.

ಆದ್ದರಿಂದ ಮುಂಗಡ ಕೊಡುವ ಮೊದಲು ಉತಾರ, ಹಕ್ಕು ಬದಲಾವಣೆಯ ದಾಖಲೆ, ಉಪನೋಂದಣಿ ಕಚೇರಿಯ ಋಣಭಾರ ಪತ್ರ, ಪಂಚಾಯಿತಿ ಮನೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಇವುಗಳನ್ನು ಬಲ್ಲ ವಕೀಲರಿಗೆ ತೋರಿಸಬೇಕು. ಬೆಲೆ ಅಸಾಧಾರಣವಾಗಿ ಕಡಿಮೆಯಿದ್ದರೆ ಎರಡು ಅನುಮಾನಗಳಿಗೆ ಎಡೆಯಿದೆ. ಮೊದಲನೆಯದು, ಅದು ಅರಣ್ಯ ಇಲಾಖೆಯ ಜಾಗವಿರಬಹುದು. ಎರಡನೆಯದು, ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿರಬಹುದು. 1978ರ ಕಾಯ್ದೆಯಂತೆ ಇಂಥ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ ಆ ಖರೀದಿ ನಿಲ್ಲುವುದಿಲ್ಲ. ಕೊಂಡವನ ಹಣವೂ ಹೋಗುತ್ತದೆ, ಬಡವನೊಬ್ಬನ ನೆಲವನ್ನು ಕಿತ್ತುಕೊಂಡ ಪಾಪವೂ ತಟ್ಟುತ್ತದೆ.

ಮನೆಯ ಪತ್ರ ಯಾರ ಹೆಸರಿಗೆ ಎಂಬುದೂ ಮುಖ್ಯ. ಎಷ್ಟೋ ತಂದೆ ತಾಯಿಗಳು ‘ನಾಳೆ ಅವರಿಗೇ ತಾನೆ’ ಎಂದು ಕೊಂಡ ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಬಿಡುತ್ತಾರೆ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ, ರದ್ದುಪಡಿಸಲು ಅವಕಾಶವಿದೆ. ಆ ಷರತ್ತನ್ನು ಪತ್ರದಲ್ಲೇ ಬರೆಸಿರುವುದು ಕ್ಷೇಮ. ಇಂಥ ಅರ್ಜಿಗಳನ್ನು ಕೇಳುವುದು ಉಪವಿಭಾಗ ಮಟ್ಟದ ನ್ಯಾಯಮಂಡಳಿ. ಉಪವಿಭಾಗಾಧಿಕಾರಿಗಳ ಕಚೇರಿ ಸವಣೂರಿನಲ್ಲೇ ಇದೆ.

ಇನ್ನು ಕೆಲವರು ಸ್ವಂತ ಮನೆಯ ಗೊಡವೆಯೇ ಬೇಡವೆಂದು ನಿವೃತ್ತರಿಗಾಗಿ ಕಟ್ಟಿದ ವಸತಿ ಸಮುಚ್ಚಯಗಳತ್ತ ನೋಡುತ್ತಾರೆ. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಸರಳ. ಕಟ್ಟಿದ ಠೇವಣಿ ಯಾವಾಗ ಮರಳಿ ಬರುತ್ತದೆ? ತಿಂಗಳ ಖರ್ಚು ವರ್ಷ ವರ್ಷ ಎಷ್ಟು ಏರುತ್ತದೆ? ದಂಪತಿಗಳಲ್ಲಿ ಒಬ್ಬರು ತೀರಿಕೊಂಡರೆ ಇನ್ನೊಬ್ಬರ ಹಕ್ಕೇನು? ಹಾಸಿಗೆ ಹಿಡಿದರೆ ಇರಗೊಡುತ್ತಾರೆಯೇ? ಇಂಥ ವಸತಿಗಳಿಗಾಗಿ ಕೇಂದ್ರ ಸರ್ಕಾರ 2019ರಲ್ಲಿ ಮಾದರಿ ಮಾರ್ಗಸೂಚಿಯನ್ನು ಹೊರಡಿಸಿತು. ಉತ್ತರಗಳನ್ನು ಬಾಯಿಮಾತಿನಲ್ಲಿ ಪಡೆಯದೆ ಕರಾರುಪತ್ರದಲ್ಲಿ ಪಡೆಯಬೇಕು.

ಒಂದು ಮಳೆಗಾಲ ಇದ್ದು ನೋಡಿ

ಹಾಗಾದರೆ ಬೆಟ್ಟದ ಸೀಮೆಯ ಆಸೆಯನ್ನೇ ಬಿಡಬೇಕೇ? ಖಂಡಿತ ಬೇಡ. ಹಾನಗಲ್, ಹಿರೇಕೆರೂರುಗಳಂಥ ತಾಲ್ಲೂಕು ಪೇಟೆಯಲ್ಲೇ, ಬಸ್ ನಿಲ್ದಾಣ ಮತ್ತು ಆಸ್ಪತ್ರೆಗೆ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಮನೆಯನ್ನು ಮೊದಲು ಬಾಡಿಗೆಗೆ ಹಿಡಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲೇ ಇದ್ದು ನೋಡಿ. ಬಟ್ಟೆ ಒಣಗುವುದೇ, ಮಂಡಿ ನೋವು ಏರುವುದೇ, ಕರೆಂಟು ಹೋದರೆ ಎಷ್ಟು ಹೊತ್ತಿಗೆ ಬರುವುದು, ಪಕ್ಕದ ಮನೆಯವರು ಬಂದು ಮಾತನಾಡಿಸುವರೇ ಎಂಬುದೆಲ್ಲ ಆ ನಾಲ್ಕು ತಿಂಗಳಲ್ಲಿ ತಿಳಿದುಹೋಗುತ್ತದೆ. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ. ಬೇಕೆನಿಸಿದಾಗ ಹೋಗಿ ನೋಡಿ ಬರಬಹುದು.

ಇಪ್ಪತ್ತರ ಹರೆಯದ ನನ್ನಂಥವರಿಗೆ ಇದು ದೂರದ ಮಾತೆನಿಸಬಹುದು. ಆದರೆ ಮನೆ ಹುಡುಕುತ್ತಿರುವವರು ನಮ್ಮ ತಂದೆ ತಾಯಿಗಳೇ. ಅವರೊಂದಿಗೆ ಹೋಗಿ ಉತಾರ ಓದುವುದು, ಗೋಡೆಯ ಬಿರುಕು ನೋಡುವುದು ನಮ್ಮ ಕೆಲಸವೂ ಹೌದು.

ಸವಣೂರಿನ ದೊಡ್ಡಹುಣಸೆ ಮರಗಳನ್ನು ಹಲವರು ನೋಡಿರಬಹುದು. ಆಫ್ರಿಕಾ ಮೂಲದ ಈ ಮರಗಳು ಎಲ್ಲಿಂದಲೋ ಬಂದು ಇಲ್ಲಿಯವೇ ಆಗಿಹೋದವು. ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಸಮೇತ ಉರುಳಿತು. ಅದನ್ನು ಸೌದೆಗೆ ಕಡಿಯಲಿಲ್ಲ. ಯಂತ್ರಗಳನ್ನು ತರಿಸಿ, ಬಹಳ ಜನ ಸೇರಿ, ಎತ್ತಿ ಮತ್ತೆ ನೆಟ್ಟರು. ಹಳೆಯ ಮರವನ್ನೂ ಹೊಸ ನೆಲದಲ್ಲಿ ನಿಲ್ಲಿಸಲು ಸಾಧ್ಯ. ಆದರೆ ಅದಕ್ಕೆ ಒಳ್ಳೆಯ ನೆಲವೊಂದೇ ಸಾಲದು, ಕೈ ಹಿಡಿಯುವ ಜನವೂ ಬೇಕು. ಸಂಜೆಗಾಲಕ್ಕೆ ಮನೆ ನೋಡುವವರು ಕಿಟಕಿಯಿಂದ ಬೆಟ್ಟ ಕಾಣುತ್ತದೆಯೇ ಎಂದು ನೋಡಲಿ. ಕೂಗಿದರೆ ಓಗೊಡುವಷ್ಟು ಹತ್ತಿರದಲ್ಲಿ ಇನ್ನೊಂದು ಮನೆಯ ಬಾಗಿಲಿದೆಯೇ ಎಂದು ಅದಕ್ಕೂ ಮೊದಲು ನೋಡಲಿ.