ಕ್ರೀಡಾ ಕ್ವಾಡ್ ಬೈಕ್‌ಗಳ ಗಾಳಿ ಒಳಹರಿವು ಮತ್ತು ಶೋಧಕಗಳು

ಕ್ರೀಡಾ ಕ್ವಾಡ್ ಬೈಕ್‌ಗಳ ಗಾಳಿ ಒಳಹರಿವಿನ ವ್ಯವಸ್ಥೆ ಎಂಬುದು ಹೊರಗಿನ ಗಾಳಿಯನ್ನು ಧೂಳು, ಮರಳು ಹಾಗೂ ನೀರಿನಿಂದ ಬೇರ್ಪಡಿಸಿ ಎಂಜಿನ್ನಿಗೆ ತಲುಪಿಸುವ ಭಾಗಗಳ ಸಮೂಹ. ಗಾಳಿಪೆಟ್ಟಿಗೆ (ಏರ್‌ಬಾಕ್ಸ್), ಗಾಳಿ ಶೋಧಕ (ಏರ್ ಫಿಲ್ಟರ್) ಮತ್ತು ಇವೆರಡನ್ನು ಕಾರ್ಬ್ಯುರೇಟರಿಗೆ ಅಥವಾ ಥ್ರಾಟಲ್ ಬಾಡಿಗೆ ಜೋಡಿಸುವ ರಬ್ಬರ್ ಕೊಳವೆ ಇದರ ಮುಖ್ಯ ಅಂಗಗಳು. ರಸ್ತೆಯ ಮೇಲಿನ ವಾಹನಗಳಿಗೆ ಹೋಲಿಸಿದರೆ ಈ ವಾಹನಗಳು ಬಹಳ ಹೆಚ್ಚು ಧೂಳಿನಲ್ಲಿ ಓಡುತ್ತವೆ. ಆದುದರಿಂದ ಶೋಧಕದ ಆಯ್ಕೆಯು ಎಂಜಿನ್ನಿನ ಶಕ್ತಿಯನ್ನಷ್ಟೇ ಅಲ್ಲದೆ ಅದರ ಆಯುಷ್ಯವನ್ನೂ ನಿರ್ಧರಿಸುತ್ತದೆ. ಗಾಳಿಯ ಸರಾಗ ಹರಿವು ಮತ್ತು ಧೂಳಿನ ತಡೆ ಪರಸ್ಪರ ವಿರುದ್ಧವಾದ ಬೇಡಿಕೆಗಳಾಗಿರುವುದರಿಂದ, ಎಲ್ಲ ಸಂದರ್ಭಗಳಿಗೂ ಹೊಂದುವ ಒಂದೇ ಶೋಧಕ ಇಲ್ಲ. ವಾಹನ ಓಡುವ ನೆಲ, ಎಂಜಿನ್ನಿನ ಬಗೆ ಮತ್ತು ಸವಾರನು ನಿರ್ವಹಣೆಗೆ ನೀಡಬಲ್ಲ ಸಮಯ ಇವು ಮೂರನ್ನೂ ಗಮನಿಸಿ ಆಯ್ಕೆ ಮಾಡಬೇಕಾಗುತ್ತದೆ.

ಹಿನ್ನೆಲೆ

ಕ್ವಾಡ್ ಬೈಕ್ ಎಂದರೆ ಕುದುರೆಯ ಮೇಲೆ ಕುಳಿತಂತೆ ಕಾಲುಗಳನ್ನು ಇಳಿಬಿಟ್ಟು ಕುಳಿತು, ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಚಕ್ರಗಳ ವಾಹನ. ಇದರ ಟೈರುಗಳು ಅಗಲವಾಗಿದ್ದು ಅವುಗಳಲ್ಲಿ ಗಾಳಿಯ ಒತ್ತಡ ಕಡಿಮೆ ಇರುತ್ತದೆ. ಹೊಲ ಮತ್ತು ತೋಟಗಳಲ್ಲಿ ಸರಕು ಸಾಗಿಸುವ ಬಗೆಯನ್ನು ಉಪಯುಕ್ತತಾ ವಾಹನವೆಂದೂ, ಓಟ ಮತ್ತು ಮನರಂಜನೆಗಾಗಿ ರೂಪಿಸಿದ ಹಗುರ ಬಗೆಯನ್ನು ಕ್ರೀಡಾ ಕ್ವಾಡ್ ಎಂದೂ ಕರೆಯುತ್ತಾರೆ. ಕ್ರೀಡಾ ಕ್ವಾಡ್‌ಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಸರಪಳಿಯ ಮೂಲಕ ಶಕ್ತಿ ದೊರೆಯುತ್ತದೆ.

ಜಪಾನಿನ ಸುಜುಕಿ ಸಂಸ್ಥೆಯು 1985ರಲ್ಲಿ ಹೊರತಂದ ಎಲ್‌ಟಿ250ಆರ್ ಕ್ವಾಡ್‌ರೇಸರ್ ಈ ವರ್ಗದ ಆರಂಭಿಕ ಮಾದರಿಗಳಲ್ಲಿ ಪ್ರಮುಖವಾದುದು. ಹೋಂಡಾ ಟಿಆರ್‌ಎಕ್ಸ್250ಆರ್ 1986ರಲ್ಲಿಯೂ, ಯಮಹಾ ಬ್ಯಾನ್‌ಶೀ 1987ರಲ್ಲಿಯೂ ಮಾರುಕಟ್ಟೆಗೆ ಬಂದವು. ಈ ಮೂರೂ ಎರಡು ಹೊಡೆತದ (ಟೂ-ಸ್ಟ್ರೋಕ್) ಎಂಜಿನ್ ಹೊಂದಿದ್ದವು. ಅನಂತರದ ವರ್ಷಗಳಲ್ಲಿ ನಾಲ್ಕು ಹೊಡೆತದ ಎಂಜಿನ್ನುಗಳು ಇವುಗಳ ಸ್ಥಾನವನ್ನು ಆಕ್ರಮಿಸಿದವು. 1999ರ ಹೋಂಡಾ ಟಿಆರ್‌ಎಕ್ಸ್400ಇಎಕ್ಸ್ ಮತ್ತು 2004ರ ಯಮಹಾ ವೈಎಫ್‌ಝಡ್450 ಇದಕ್ಕೆ ಉದಾಹರಣೆಗಳು. 2006ರ ಯಮಹಾ ರ‍್ಯಾಪ್ಟರ್ 700 ಮತ್ತು ಸುಜುಕಿ ಎಲ್‌ಟಿ-ಆರ್450 ಮಾದರಿಗಳೊಂದಿಗೆ ಕಾರ್ಬ್ಯುರೇಟರಿನ ಬದಲು ಫ್ಯೂಯಲ್ ಇಂಜೆಕ್ಷನ್ ಬಳಕೆ ಹರಡಿತು. ಎಂಜಿನ್ನಿನ ಈ ಬದಲಾವಣೆಗಳು ಗಾಳಿಯ ಒಳಹರಿವನ್ನು ಮಾರ್ಪಡಿಸುವ ಕ್ರಮವನ್ನೂ ಬದಲಿಸಿದವು.

ಗಾಳಿಯ ಅಗತ್ಯ ಮತ್ತು ಧೂಳಿನ ಹಾನಿ

ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದ ಲೆಕ್ಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. 450 ಘನ ಸೆಂಟಿಮೀಟರ್ ಗಾತ್ರದ ಎಂಜಿನ್ ನಿಮಿಷಕ್ಕೆ 9000 ಸುತ್ತು ತಿರುಗುವಾಗ ಸಿಲಿಂಡರ್ ಪ್ರತಿ ಬಾರಿಯೂ ಪೂರ್ತಿ ತುಂಬುತ್ತದೆಂದು ಭಾವಿಸಿದರೆ, ಅದು ನಿಮಿಷವೊಂದಕ್ಕೆ ಸುಮಾರು 2000 ಲೀಟರ್ ಗಾಳಿಯನ್ನು ಸೇವಿಸುತ್ತದೆ. ಇದು 200 ಲೀಟರ್ ಹಿಡಿಯುವ 10 ಪೀಪಾಯಿಗಳಿಗೆ ಸಮ. ಮುಂದೆ ಸಾಗುವ ವಾಹನಗಳು ಎಬ್ಬಿಸಿದ ಧೂಳಿನ ಮಧ್ಯೆ ಇಷ್ಟು ಗಾಳಿಯನ್ನು ಎಳೆದುಕೊಳ್ಳುವಾಗ, ಶೋಧಕದಲ್ಲಿರುವ ಸಣ್ಣ ಸಂದೂ ದೊಡ್ಡ ಹಾನಿಗೆ ದಾರಿಯಾಗುತ್ತದೆ.

ಮರಳಿನ ಮುಖ್ಯ ಘಟಕವಾದ ಬೆಣಚುಕಲ್ಲಿನ ಗಡಸುತನ ಮೋಸ್ ಮಾನಕದಲ್ಲಿ 7. ಸಾಮಾನ್ಯ ಉಕ್ಕನ್ನು ಗೀರಲು ಇದು ಸಾಕು. ಒಳಹೊಕ್ಕ ಕಣಗಳು ಎಣ್ಣೆಯೊಡನೆ ಬೆರೆತು ಸಾಣೆಹಿಟ್ಟಿನಂತೆ ವರ್ತಿಸಿ ಪಿಸ್ಟನ್, ಪಿಸ್ಟನ್ ಉಂಗುರ ಮತ್ತು ಸಿಲಿಂಡರ್ ಗೋಡೆಯನ್ನು ಸವೆಸುತ್ತವೆ. ಇದರ ಪರಿಣಾಮವಾಗಿ ಸಂಪೀಡನ ಕುಗ್ಗಿ ಶಕ್ತಿ ಇಳಿಯುತ್ತದೆ. ಎಂಜಿನ್ ಎಣ್ಣೆಯನ್ನು ಸುಡಲಾರಂಭಿಸುತ್ತದೆ. ನಾಲ್ಕು ಹೊಡೆತದ ಎಂಜಿನ್ನುಗಳಲ್ಲಿ ಗಾಳಿಯನ್ನು ಒಳಬಿಡುವ ಕವಾಟಗಳೂ ಅವುಗಳ ಪೀಠಗಳೂ ಧೂಳಿಗೆ ಮೊದಲು ಸಿಗುತ್ತವೆ. ವೈಎಫ್‌ಝಡ್450ರಂತಹ ಓಟದ ಮಾದರಿಗಳಲ್ಲಿ ಬಳಸುವ ಟೈಟೇನಿಯಂ ಕವಾಟಗಳ ಮೇಲಿನ ತೆಳುಲೇಪ ಒಮ್ಮೆ ಸವೆದರೆ ಕವಾಟ ಶೀಘ್ರವಾಗಿ ಹಾಳಾಗುತ್ತದೆ. ಎರಡು ಹೊಡೆತದ ಎಂಜಿನ್ನುಗಳಲ್ಲಿ ಗಾಳಿಯು ಮೊದಲು ಕ್ರ್ಯಾಂಕ್ ಕೋಶದ ಮೂಲಕ ಹಾದುಹೋಗುವುದರಿಂದ ಅಲ್ಲಿನ ಬೇರಿಂಗುಗಳಿಗೂ ಅಪಾಯ ತಪ್ಪದು.

ವ್ಯವಸ್ಥೆಯ ಭಾಗಗಳು

ಗಾಳಿಪೆಟ್ಟಿಗೆ: ಬಹುತೇಕ ಮಾದರಿಗಳಲ್ಲಿ ಆಸನದ ಕೆಳಗಿರುವ ಪ್ಲಾಸ್ಟಿಕ್ ಪೆಟ್ಟಿಗೆ. ಇದು ನೀರು ಮತ್ತು ಕೆಸರು ನೇರವಾಗಿ ಶೋಧಕಕ್ಕೆ ಬಡಿಯದಂತೆ ತಡೆಯುತ್ತದೆ, ಎಂಜಿನ್ ಗಾಳಿ ಎಳೆಯುವ ಸದ್ದನ್ನು ತಗ್ಗಿಸುತ್ತದೆ ಹಾಗೂ ಎಂಜಿನ್ನಿಗೆ ಅಲುಗಾಡದ ಗಾಳಿಯ ಸಂಗ್ರಹವೊಂದನ್ನು ಒದಗಿಸುತ್ತದೆ.

ಮುಚ್ಚಳ: ಪೆಟ್ಟಿಗೆಯ ಮೇಲ್ಭಾಗದಲ್ಲಿರುತ್ತದೆ. ಇದರಲ್ಲಿರುವ ತೂತು ಅಥವಾ ಮೂತಿಯ ಅಗಲವು ಒಳಬರುವ ಗಾಳಿಯ ಪ್ರಮಾಣವನ್ನು ಮಿತಿಗೊಳಿಸುತ್ತದೆ.

ಶೋಧಕ ಮತ್ತು ಪಂಜರ: ಶೋಧಕವನ್ನು ಹಿಡಿದಿಡುವ ಪಂಜರಕ್ಕೆ ಕೆಲವು ವಾಹನಗಳಲ್ಲಿ ಲೋಹದ ಜಾಲರಿಯಿರುತ್ತದೆ. ಎಂಜಿನ್ ಹಿಮ್ಮುಖವಾಗಿ ಬೆಂಕಿ ಉಗುಳಿದಾಗ ಜ್ವಾಲೆ ಶೋಧಕಕ್ಕೆ ತಗಲದಂತೆ ಈ ಜಾಲರಿ ಕಾಪಾಡುತ್ತದೆ.

ಜೋಡಣೆಯ ಕೊಳವೆ: ಪೆಟ್ಟಿಗೆಯಿಂದ ಎಂಜಿನ್ನಿನ ಕಡೆಗೆ ಹೋಗುವ ರಬ್ಬರ್ ಕೊಳವೆ. ಸಾಮಾನ್ಯವಾಗಿ ಉದ್ದವಾದ ಕಿರಿದಾದ ಕೊಳವೆ ಕೆಳ ಮತ್ತು ನಡು ವೇಗದ ಎಳೆತಕ್ಕೂ, ಮೋಟಾದ ಅಗಲ ಕೊಳವೆ ಅತಿ ವೇಗದ ಶಕ್ತಿಗೂ ಅನುಕೂಲ.

ಶೋಧಕಗಳ ವಿಧಗಳು

ಶೋಧಕವೊಂದನ್ನು ಮೂರು ಗುಣಗಳಿಂದ ಅಳೆಯಲಾಗುತ್ತದೆ. ಗಾಳಿಯ ಹರಿವಿಗೆ ಅದು ಒಡ್ಡುವ ಪ್ರತಿರೋಧ, ಧೂಳನ್ನು ತಡೆಯುವ ದಕ್ಷತೆ ಮತ್ತು ಕಟ್ಟಿಕೊಳ್ಳುವ ಮೊದಲು ಹಿಡಿದಿಟ್ಟುಕೊಳ್ಳಬಲ್ಲ ಧೂಳಿನ ಪ್ರಮಾಣ. ಐಎಸ್‌ಒ 5011 ಎಂಬ ಅಂತರರಾಷ್ಟ್ರೀಯ ಮಾನಕವು ಇವನ್ನು ಪರೀಕ್ಷಿಸುವ ವಿಧಾನವನ್ನು ವಿವರಿಸುತ್ತದೆ. ಮಾರಾಟಗಾರರು ಮೊದಲನೆಯ ಗುಣವನ್ನಷ್ಟೇ ಹೇಳಿದಾಗ ಉಳಿದ ಎರಡನ್ನೂ ಕೇಳಿ ತಿಳಿದುಕೊಳ್ಳುವುದು ಉಚಿತ.

ಎಣ್ಣೆ ಹಚ್ಚಿದ ಫೋಮ್ ಶೋಧಕ: ಸ್ಪಂಜಿನಂತಹ ಪಾಲಿಯುರೆಥೇನ್ ಫೋಮ್‌ನಿಂದ ಮಾಡಿದ್ದು. ಅದರೊಳಗಿನ ಸಂದುಗಳು ಅಂಕುಡೊಂಕಾಗಿದ್ದು, ಅಂಟಾದ ಎಣ್ಣೆಯು ಹಾದುಹೋಗುವ ಕಣಗಳನ್ನು ಹಿಡಿದುಕೊಳ್ಳುತ್ತದೆ. ಹೊರಗೆ ದೊಡ್ಡ ರಂಧ್ರದ, ಒಳಗೆ ಸಣ್ಣ ರಂಧ್ರದ ಎರಡು ಪದರಗಳಿರುವ ಬಗೆ ಹೆಚ್ಚು ಪ್ರಚಲಿತ. ದಪ್ಪದ ಉದ್ದಕ್ಕೂ ಧೂಳು ಸಂಗ್ರಹವಾಗುವುದರಿಂದ ಇದು ಬೇಗ ಕಟ್ಟಿಕೊಳ್ಳುವುದಿಲ್ಲ. ನೀರು ಸಿಡಿದರೂ ಮಟ್ಟಿಗೆ ತಾಳಿಕೊಳ್ಳುತ್ತದೆ. ಎಣ್ಣೆಯಿಲ್ಲದ ಒಣ ಫೋಮ್ ಮಾತ್ರ ಸೂಕ್ಷ್ಮ ಧೂಳನ್ನು ತಡೆಯಲಾರದು. ನೆದರ್‌ಲೆಂಡ್ಸ್‌ನ ಟ್ವಿನ್ ಏರ್ ಮತ್ತು ಅಮೆರಿಕದ ಯೂನಿ ಈ ಬಗೆಯ ಶೋಧಕಗಳಿಗೆ ಹೆಸರಾದ ತಯಾರಕ ಸಂಸ್ಥೆಗಳು.

ಹತ್ತಿ ಬಟ್ಟೆಯ ಶೋಧಕ: ಲೋಹದ ಜಾಲರಿಗಳ ನಡುವೆ ಹತ್ತಿಯ ಜಾಳು ಬಟ್ಟೆಯ ಪದರಗಳನ್ನು ನಿರಿಗೆಯಾಗಿ ಮಡಿಸಿ, ತೆಳುವಾಗಿ ಎಣ್ಣೆ ಹಾಕಿರುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 1969ರಲ್ಲಿ ಆರಂಭವಾದ ಕೆ ಅಂಡ್ ಎನ್ ಸಂಸ್ಥೆಯಿಂದ ಇದು ಜನಪ್ರಿಯವಾಯಿತು. ಗಾಳಿಗೆ ಪ್ರತಿರೋಧ ಕಡಿಮೆ. ತೊಳೆದು ಹಲವು ವರ್ಷ ಬಳಸಬಹುದು. ಆದರೆ ಹಿಟ್ಟಿನಂತಹ ನುಣುಪು ಧೂಳನ್ನು ತಡೆಯುವಲ್ಲಿ, ಚೆನ್ನಾಗಿ ಎಣ್ಣೆ ಹಚ್ಚಿದ ದಪ್ಪ ಫೋಮ್‌ಗಿಂತ ಇದು ಸಾಮಾನ್ಯವಾಗಿ ಹಿಂದೆ.

ಕಾಗದದ ಶೋಧಕ: ಮಡಿಸಿದ ವಿಶೇಷ ಕಾಗದದಿಂದ ಮಾಡಿದ್ದು. ಸೂಕ್ಷ್ಮ ಧೂಳನ್ನು ಚೆನ್ನಾಗಿ ತಡೆಯುತ್ತದೆಯಾದರೂ ನೆನೆದರೆ ಗಾಳಿಯ ಹರಿವು ಕುಂಠಿತವಾಗುತ್ತದೆ, ತೊಳೆದು ಮರುಬಳಸಲಾಗದು. ಕ್ರೀಡಾ ಕ್ವಾಡ್‌ಗಳಲ್ಲಿ ಇದರ ಬಳಕೆ ವಿರಳ.

ಹೊರಗವಸು: ಮುಖ್ಯ ಶೋಧಕದ ಮೇಲೆ ತೊಡಿಸುವ ತೆಳು ಬಟ್ಟೆಯ ಚೀಲ. ದಪ್ಪ ಮರಳನ್ನೂ ನೀರಿನ ಹನಿಗಳನ್ನೂ ಹೊರಗೇ ತಡೆದು ಮುಖ್ಯ ಶೋಧಕದ ಮೇಲಿನ ಹೊರೆಯನ್ನು ಇಳಿಸುತ್ತದೆ. ಇದು ಪೂರಕವೇ ಹೊರತು ಶೋಧಕಕ್ಕೆ ಬದಲಿಯಲ್ಲ.

ಒಳಹರಿವಿನ ಮಾರ್ಪಾಡು ಮತ್ತು ಇಂಧನದ ಹೊಂದಾಣಿಕೆ

ಗಾಳಿಪೆಟ್ಟಿಗೆಯ ಮುಚ್ಚಳವನ್ನು ತೆಗೆಯುವುದು, ಮುಚ್ಚಳದಲ್ಲಿ ತೂತು ಕೊರೆಯುವುದು, ಅಗಲವಾದ ಕೊಳವೆ ಹಾಕುವುದು, ಪೆಟ್ಟಿಗೆಯನ್ನೇ ಕಳಚಿ ಕಾರ್ಬ್ಯುರೇಟರಿಗೆ ನೇರವಾಗಿ ಬಿಡಿ ಶೋಧಕವನ್ನು ಬಿಗಿಯುವುದು ಇವು ರೂಢಿಯಲ್ಲಿರುವ ಮಾರ್ಪಾಡುಗಳು. ಬ್ಯಾನ್‌ಶೀಯಂತಹ ಎರಡು ಕಾರ್ಬ್ಯುರೇಟರಿನ ವಾಹನಗಳಲ್ಲಿ ಎರಡು ಬಿಡಿ ಶೋಧಕಗಳನ್ನು ಬಳಸುವುದುಂಟು.

ಹೆಚ್ಚು ಗಾಳಿ ತಾನೇ ತಾನಾಗಿ ಹೆಚ್ಚು ಶಕ್ತಿಯಾಗುವುದಿಲ್ಲ. ಗಾಳಿಗೆ ತಕ್ಕಂತೆ ಇಂಧನವೂ ಹೆಚ್ಚಬೇಕು. ಪೆಟ್ರೋಲ್ ಎಂಜಿನ್ ಗರಿಷ್ಠ ಶಕ್ತಿ ನೀಡುವುದು ಸುಮಾರು 12.5ರಿಂದ 13 ಪಾಲು ಗಾಳಿಗೆ 1 ಪಾಲು ಇಂಧನವಿದ್ದಾಗ. ಗಾಳಿ ಮಾತ್ರ ಹೆಚ್ಚಿ ಇಂಧನ ಹಾಗೆಯೇ ಉಳಿದರೆ ಮಿಶ್ರಣ ತೆಳುವಾಗುತ್ತದೆ. ಮೆಕ್ಯಾನಿಕರು ಇದನ್ನು ಲೀನ್ ಎನ್ನುತ್ತಾರೆ. ಎಂಜಿನ್ ಅತಿಯಾಗಿ ಬಿಸಿಯಾಗುವುದು, ಥ್ರಾಟಲ್ ತಿರುವಿದಾಗ ತಡವರಿಸುವುದು, ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸಿಡಿಯುವುದು ಇದರ ಲಕ್ಷಣಗಳು. ಎರಡು ಹೊಡೆತದ ಎಂಜಿನ್ನಿನಲ್ಲಿ ಎಣ್ಣೆಯೂ ಇಂಧನದೊಂದಿಗೇ ಬರುವುದರಿಂದ, ತೆಳು ಮಿಶ್ರಣದಲ್ಲಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಎಂಜಿನ್ ನಿಂತುಹೋಗುವ ಅಪಾಯವಿದೆ.

ಕಾರ್ಬ್ಯುರೇಟರ್ ಇರುವ ವಾಹನದಲ್ಲಿ ದೊಡ್ಡ ಮುಖ್ಯ ಜೆಟ್ ಹಾಕಿ, ಅಗತ್ಯವಿದ್ದರೆ ಸೂಜಿಯ ಎತ್ತರ ಮತ್ತು ಪೈಲಟ್ ಜೆಟ್ ಬದಲಿಸಿ ಇದನ್ನು ಸರಿಪಡಿಸುತ್ತಾರೆ. ಸಮುದ್ರಮಟ್ಟದಿಂದ ಮೇಲೇರಿದಂತೆ, 1000 ಮೀಟರಿಗೆ ಸುಮಾರು ಶೇ. 10ರಷ್ಟು ಗಾಳಿಯ ಸಾಂದ್ರತೆ ಕುಗ್ಗುವುದರಿಂದ, ಎತ್ತರದ ಪ್ರದೇಶಕ್ಕೆ ಸಣ್ಣ ಜೆಟ್ ಬೇಕಾಗುತ್ತದೆ. ಚಳಿಯಲ್ಲಿ ಗಾಳಿ ಸಾಂದ್ರವಾಗುವುದರಿಂದ ದೊಡ್ಡ ಜೆಟ್ ಬೇಕು. ಫ್ಯೂಯಲ್ ಇಂಜೆಕ್ಷನ್ ವ್ಯವಸ್ಥೆಯು ಹವಾಮಾನದ ವ್ಯತ್ಯಾಸವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಆದರೆ ದೊಡ್ಡ ಮಾರ್ಪಾಡಿಗೆ ಅದರ ಗಣಕದಲ್ಲಿ ಮೊದಲೇ ತುಂಬಿರುವ ಇಂಧನದ ಕೋಷ್ಟಕವನ್ನು ಬದಲಿಸಬೇಕಾಗುತ್ತದೆ. ಶೋಧಕವನ್ನಷ್ಟೇ ಬದಲಿಸಿ ಪೆಟ್ಟಿಗೆ, ಮುಚ್ಚಳ ಮತ್ತು ಸೈಲೆನ್ಸರನ್ನು ಮೂಲದಂತೆಯೇ ಉಳಿಸಿಕೊಂಡರೆ ಶಕ್ತಿಯಲ್ಲಿ ಕಾಣುವ ವ್ಯತ್ಯಾಸ ಅಲ್ಪ.

ನೆಲಕ್ಕೆ ತಕ್ಕ ಆಯ್ಕೆ

ಮರಳುದಿಬ್ಬ: ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಮರಳುದಿಬ್ಬಗಳಂತಹ ಸ್ಥಳಗಳಲ್ಲಿ ಎಂಜಿನ್ ದೀರ್ಘಕಾಲ ಪೂರ್ಣ ಥ್ರಾಟಲಿನಲ್ಲಿ ಓಡುತ್ತದೆ. ಇಲ್ಲಿನ ಕಣಗಳು ತುಲನಾತ್ಮಕವಾಗಿ ದಪ್ಪ. ಗಾಳಿ ಸರಾಗವಾಗಿ ಹರಿಯುವ ಶೋಧಕದ ಮೇಲೆ ಹೊರಗವಸು ತೊಡಿಸುವುದು ವಾಡಿಕೆ.

ಮೋಟೋಕ್ರಾಸ್ ಮತ್ತು ಒಣ ಮಣ್ಣಿನ ಹಾದಿ: ಮುಂದಿನವರು ಎಬ್ಬಿಸುವ ನುಣುಪು ಧೂಳು ಇಲ್ಲಿನ ಮುಖ್ಯ ಶತ್ರು. ಎರಡು ಪದರದ ಫೋಮ್ ಶೋಧಕವನ್ನು ಪ್ರತಿ ಓಟಕ್ಕೂ ಬದಲಿಸುವುದು ಸೂಕ್ತ.

ದೀರ್ಘ ಮರುಭೂಮಿ ಓಟ: ಮೆಕ್ಸಿಕೋದ ಬಾಹಾ 1000 ಓಟದಲ್ಲಿ, ಹಾಗೆಯೇ 2009ರಿಂದ 2024ರವರೆಗೆ ಕ್ವಾಡ್‌ಗಳಿಗೆ ಪ್ರತ್ಯೇಕ ವರ್ಗ ಕಲ್ಪಿಸಿದ್ದ ಡಕಾರ್ ರ‍್ಯಾಲಿಯಲ್ಲಿ, ಗಂಟೆಗಟ್ಟಲೆ ಧೂಳಿನಲ್ಲಿ ಸಾಗಬೇಕಾಗುತ್ತದೆ. ಇಂತಹ ಓಟಗಳಿಗೆ ಹೆಚ್ಚು ಧೂಳು ಹಿಡಿಯಬಲ್ಲ ದೊಡ್ಡ ಶೋಧಕ ಅವಶ್ಯ.

ಕಡಲತೀರ, ಕೆಸರು ಮತ್ತು ಕಾಡುದಾರಿ: ಫ್ರಾನ್ಸಿನ ಲ ಟೂಕೆ, ಇಂಗ್ಲೆಂಡಿನ ವೆಸ್ಟನ್ ಕಡಲತೀರದ ಓಟಗಳಲ್ಲಿ ಒದ್ದೆ ಮರಳು ಸಿಡಿಯುತ್ತದೆ. ಇಲ್ಲಿ ಮುಚ್ಚಳ ಸಹಿತ ಗಾಳಿಪೆಟ್ಟಿಗೆಯನ್ನು ಉಳಿಸಿಕೊಳ್ಳುವುದು ಕ್ಷೇಮ. ಬಿಡಿ ಶೋಧಕಗಳು ತಗ್ಗಿನಲ್ಲಿ ತೆರೆದುಕೊಂಡಿರುವುದರಿಂದ ತೊರೆ ದಾಟುವಾಗ ನೀರನ್ನು ನೇರವಾಗಿ ಎಂಜಿನ್ನಿಗೆ ಎಳೆಯಬಲ್ಲವು. ನೀರು ಸಂಪೀಡನಕ್ಕೆ ಒಳಗಾಗದ ಕಾರಣ ಪಿಸ್ಟನ್ ದಂಡವೇ ಬಾಗಬಹುದು.

ಬಿಡುವಿನ ವೇಳೆಯ ಸವಾರಿ: ಮೂಲ ಪೆಟ್ಟಿಗೆ ಮತ್ತು ಚೆನ್ನಾಗಿ ಎಣ್ಣೆ ಹಚ್ಚಿದ ಫೋಮ್ ಶೋಧಕ ಬಹುತೇಕ ಸವಾರರಿಗೆ ಸಾಕಾಗುತ್ತದೆ.

ಅಳವಡಿಕೆ ಮತ್ತು ನಿರ್ವಹಣೆ

ಉತ್ತಮ ಶೋಧಕವೂ ಅಂಚಿನಲ್ಲಿ ಬಿಗಿಯಾಗಿ ಕೂರದಿದ್ದರೆ ನಿಷ್ಪ್ರಯೋಜಕ. ಶೋಧಕದ ಅಂಚಿಗೆ ತೆಳುವಾಗಿ ಗ್ರೀಸ್ ಹಚ್ಚಿ, ಕ್ಲಾಂಪುಗಳನ್ನು ಬಿಗಿದು, ರಬ್ಬರ್ ಕೊಳವೆಯಲ್ಲಿ ಬಿರುಕುಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸವಾರಿಯ ನಂತರ ಶೋಧಕವನ್ನು ತೆಗೆದು, ಕೊಳವೆಯ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡುವುದು ಸರಳವಾದ ಪರೀಕ್ಷೆ. ಬಟ್ಟೆಗೆ ಧೂಳು ಅಂಟಿದರೆ ಎಲ್ಲಿಯೋ ಸೋರಿಕೆ ಇದೆ ಎಂದರ್ಥ.

ಫೋಮ್ ಶೋಧಕವನ್ನು ಅದಕ್ಕೆಂದೇ ಇರುವ ದ್ರಾವಣದಲ್ಲಿ ಅದ್ದಿ, ಹಳೆಯ ಎಣ್ಣೆ ಬಿಟ್ಟ ಮೇಲೆ ಸಾಬೂನು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು. ಹಿಂಡುವಾಗ ಬಟ್ಟೆಯಂತೆ ತಿರುಚಿದರೆ ಅಂಟು ಬಿಟ್ಟುಹೋಗುತ್ತದೆ. ಅಂಗೈಗಳ ನಡುವೆ ಒತ್ತಿ ನೀರು ತೆಗೆಯುವುದು ಸರಿಯಾದ ಕ್ರಮ. ನೆರಳಿನಲ್ಲಿ ಪೂರ್ತಿ ಒಣಗಿಸಿ, ಎಲ್ಲೆಡೆ ಸಮನಾಗಿ ಬಣ್ಣ ಕಾಣುವಂತೆ ಎಣ್ಣೆ ಹಚ್ಚಿ, ಹೆಚ್ಚಾದುದನ್ನು ಹಿಂಡಿ ತೆಗೆಯಬೇಕು. ಪೆಟ್ರೋಲಿನಲ್ಲಿ ತೊಳೆಯುವುದು ಫೋಮ್‌ಗೂ ತೊಳೆಯುವವರಿಗೂ ಅಪಾಯಕಾರಿ. ಹತ್ತಿಯ ಶೋಧಕವನ್ನು ಅದರದೇ ದ್ರಾವಣದಲ್ಲಿ ನೆನೆಸಿ, ಒಳಗಿನಿಂದ ಹೊರಗೆ ಮೆಲ್ಲನೆ ನೀರು ಹಾಯಿಸಿ ತೊಳೆಯುತ್ತಾರೆ. ಒತ್ತಡದ ಗಾಳಿಯಿಂದ ಒಣಗಿಸಿದರೆ ಎಳೆಗಳು ಸಡಿಲಗೊಂಡು ಕಣ್ಣಿಗೆ ಕಾಣದ ರಂಧ್ರಗಳು ಉಂಟಾಗುತ್ತವೆ.

ಸ್ವಚ್ಛಗೊಳಿಸುವ ಅವಧಿಯನ್ನು ದಿನಗಳಲ್ಲಿ ಲೆಕ್ಕ ಹಾಕುವುದಕ್ಕಿಂತ ಧೂಳಿನ ಪ್ರಮಾಣವನ್ನು ನೋಡಿ ನಿರ್ಧರಿಸುವುದು ಒಳಿತು. ಧೂಳು ತುಂಬಿದ ಹಾದಿಯಲ್ಲಿ ಓಡಿದ ಪ್ರತಿ ಸವಾರಿಯ ನಂತರವೂ, ನೀರಿಗೆ ಇಳಿದಾಗಲೆಲ್ಲ ತಕ್ಷಣವೂ ಶೋಧಕವನ್ನು ಪರೀಕ್ಷಿಸಬೇಕು. ಸಿದ್ಧಪಡಿಸಿದ ಇನ್ನೊಂದು ಶೋಧಕವನ್ನು ಚೀಲದಲ್ಲಿ ಕಟ್ಟಿ ಜೊತೆಗೆ ಒಯ್ಯುವುದು ಅನುಭವಿ ಸವಾರರ ರೂಢಿ. ಶೋಧಕವಿಲ್ಲದೆ ಎಂಜಿನ್ ಓಡಿಸುವುದು ಅಲ್ಪಕಾಲಕ್ಕಾದರೂ ಸಲ್ಲದು.